ಕ್ಯಾಪ್ಟನ್ ಟ್ರಾವೊರೆಯ ವಿಡಿಯೊ ಹಂಚುವ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ನಿಮ್ಮಲ್ಲಿ ಕೆಲವರು ನನಗೆ ಖುದ್ದು ಪರಿಚಯ, ಬಹುಪಾಲು ಜನ ಅಲ್ಲ. ಆದರೂ ಬೆಳಗಾದರೆ ನಿಮ್ಮ ಕೃಪೆಯಿಂದ ನನ್ನ ಫೋನಿಗೆ ಬುರ್ಕಿನಾ ಫಾಸೊ ಬಂದು ಬೀಳುತ್ತದೆ. ಆ ಪಶ್ಚಿಮ ಆಫ್ರಿಕನ್ ದೇಶದ ಸೈನಿಕ ಆಡಳಿತಗಾರ ಕ್ಯಾಪ್ಟನ್ ಇಬ್ರಾಹಿಂ ಟ್ರಾವೊರೆ: ಕೆಂಪು ಬೆರೆ ಟೋಪಿ, ಸೈನಿಕ ಸಮವಸ್ತ್ರ, ಹಿಂದೆ ಎದೆ ಗುದ್ದುವ ಸಂಗೀತ. ಕೆಳಗೆ ಕನ್ನಡದಲ್ಲಿ ಒಕ್ಕಣೆ: ‘ಫ್ರಾನ್ಸನ್ನು ಒದ್ದೋಡಿಸಿದ ಗಂಡುಗಲಿ’, ‘ಆಫ್ರಿಕಾದ ಭಗತ್ ಸಿಂಗ್’, ‘ಇಂಥ ಒಬ್ಬ ನಮಗೂ ಬೇಕು’. ಇವುಗಳಲ್ಲಿ ಎಷ್ಟೋ ಎಐ ಯಂತ್ರ ಹೊಸೆದ ವಿಡಿಯೊಗಳು. ಅಮೆರಿಕದ ಹೆಸರಾಂತ ಗಾಯಕ ಗಾಯಕಿಯರು ಟ್ರಾವೊರೆಯನ್ನು ಹೊಗಳಿ ಹಾಡಿದಂತೆ ತೋರಿಸುವ ತುಣುಕುಗಳಿವೆಯಲ್ಲ, ಆ ಹಾಡುಗಳನ್ನು ಅವರು ಯಾರೂ ಹಾಡಿಲ್ಲ. ಅದು ನಿಮಗೂ ಗೊತ್ತಿರಬಹುದು. ‘ಸುಳ್ಳಾದರೇನು, ಭಾವನೆ ನಿಜ ತಾನೇ’ ಎಂದು ಒಬ್ಬರು ನನಗೆ ಉತ್ತರವನ್ನೂ ಕೊಟ್ಟರು.

ಆ ಭಾವನೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ನಿಮ್ಮ ವಿಡಿಯೊಗಳಲ್ಲಿ ಮಾತಾಡುವವನು ಒಬ್ಬನೇ. ಉಳಿದ ಆಫ್ರಿಕಾ ಕೈ ಎತ್ತಿ ಜೈಕಾರ ಹಾಕುವ ಗುಂಪು, ಅಷ್ಟೆ. ವಸಾಹತುಶಾಹಿಯ ಬಗ್ಗೆ, ಸ್ವಾತಂತ್ರ್ಯದ ಬಗ್ಗೆ, ಸಮವಸ್ತ್ರ ತೊಟ್ಟು ಬಂದ ಉದ್ಧಾರಕರ ಬಗ್ಗೆ ಅಲ್ಲಿನ ಜನ ಅರವತ್ತು ವರ್ಷಗಳಿಂದ ಕ್ಯಾಮೆರಾ ಹಿಡಿದು ಮಾತಾಡುತ್ತಲೇ ಬಂದಿದ್ದಾರೆ. ಜೈಲಿಗೆ ಹೋಗಿದ್ದಾರೆ, ನಿಷೇಧಕ್ಕೊಳಗಾಗಿದ್ದಾರೆ, ಸಾಲ ಮಾಡಿದ್ದಾರೆ. ಅವರು ಹೇಳಿದ್ದು ನಿಮ್ಮ ಒಂದೂ ವಿಡಿಯೊದಲ್ಲಿ ಇಲ್ಲ. ಆ ಸಿನಿಮಾಗಳ ಕುರಿತು ಹೇಳಲೆಂದೇ ಈ ಪತ್ರ.

ಮೊದಲು ನಿಮ್ಮ ಸಿಟ್ಟಿನ ಪರವಾಗಿಯೇ ಮಾತಾಡುತ್ತೇನೆ, ಯಾಕೆಂದರೆ ಅದು ನ್ಯಾಯವಾದ ಸಿಟ್ಟು.

1944ರ ಡಿಸೆಂಬರ್ 1ರ ನಸುಕು. ಸೆನೆಗಲ್‌ನ ರಾಜಧಾನಿ ಡಾಕರ್ ಪಕ್ಕದ ತಿಯಾರೋಯ್ ಸೈನಿಕ ಶಿಬಿರ. ಅಲ್ಲಿದ್ದವರು ಫ್ರಾನ್ಸ್ ಪರವಾಗಿ ಹಿಟ್ಲರನ ಸೇನೆಯ ಎದುರು ಹೋರಾಡಿ, 1940ರಲ್ಲಿ ಸೆರೆಸಿಕ್ಕಿ, ನಾಲ್ಕು ವರ್ಷ ಜರ್ಮನ್ನರ ಸೆರೆಶಿಬಿರಗಳಲ್ಲಿ ಕೊಳೆತು, ಊರಿಗೆ ಮರಳುತ್ತಿದ್ದ ಆಫ್ರಿಕನ್ ಸೈನಿಕರು. ಅವರಿಗೆಲ್ಲ ಒಟ್ಟಾಗಿ ‘ಸೆನೆಗಲ್ ಬಂದೂಕುಧಾರಿಗಳು’ ಎಂದು ಹೆಸರಿದ್ದರೂ ಇಂದಿನ ಮಾಲಿ, ಬುರ್ಕಿನಾ, ಗಿನಿ, ಐವರಿ ಕೋಸ್ಟ್ ಎಲ್ಲ ಕಡೆಯವರೂ ಆ ಪಡೆಯಲ್ಲಿದ್ದರು. ಕೇಳಿದ್ದು ಬಾಕಿ ಸಂಬಳ. ಸಿಕ್ಕಿದ್ದು ಗುಂಡು. ಸತ್ತವರು 35 ಎಂದು ಫ್ರೆಂಚ್ ಸೇನೆ ಬರೆದುಕೊಂಡಿತು, ಇನ್ನೊಂದು ಕಾಗದದಲ್ಲಿ 70 ಎಂದಿತು. ಬದುಕುಳಿದವರಲ್ಲಿ 34 ಮಂದಿಗೆ ದಂಗೆಯ ಆರೋಪ ಹೊರಿಸಿ ಶಿಕ್ಷೆಯನ್ನೂ ಕೊಟ್ಟಿತು. 2025ರಲ್ಲಿ ಸೆನೆಗಲ್ ಸರ್ಕಾರ ನೇಮಿಸಿದ ಇತಿಹಾಸಕಾರರ ಸಮಿತಿ ಸತ್ತವರು 300ರಿಂದ 400 ಇರಬಹುದು ಎಂದು ವರದಿ ಕೊಟ್ಟಿತು. ಇದನ್ನು ‘ಹತ್ಯಾಕಾಂಡ’ ಎಂದು ಒಪ್ಪಿ ಫ್ರಾನ್ಸ್ ಅಧ್ಯಕ್ಷರು ಕಾಗದ ಬರೆದದ್ದು 2024ರ ನವೆಂಬರಿನಲ್ಲಿ. ಎಂಬತ್ತು ವರ್ಷ ಬೇಕಾಯಿತು.

ಸಿನಿಮಾಕ್ಕೆ ಅಷ್ಟು ವರ್ಷ ಬೇಕಾಗಲಿಲ್ಲ. ಸೆನೆಗಲ್‌ನ ನಿರ್ದೇಶಕರಾದ ಉಸ್ಮಾನ್ ಸೆಂಬೇನ್ ಮತ್ತು ತಿಯೆರ್ನೊ ಫಾತಿ ಸೋ 1988ರಲ್ಲೇ ‘ಕಾಂಪ್ ದ ತಿಯಾರೋಯ್’ ಚಿತ್ರ ಮಾಡಿದರು. ದುಡ್ಡು ಸೆನೆಗಲ್, ಅಲ್ಜೀರಿಯಾ, ಟುನೀಷಿಯಾಗಳದ್ದು. ಫ್ರಾನ್ಸ್‌ನದು ಬಿಡಿಗಾಸೂ ಇರಲಿಲ್ಲ. ವೆನಿಸ್‌ನಲ್ಲಿ ಪ್ರಶಸ್ತಿ ಬಂತು. ಫ್ರಾನ್ಸ್‌ನಲ್ಲಿ ಮಾತ್ರ ಸುಮಾರು ಹತ್ತು ವರ್ಷ ಅದಕ್ಕೆ ಪರದೆ ಸಿಗಲಿಲ್ಲ. ಅದರಲ್ಲಿ ಪೇಯಿ ಎಂಬ ಒಬ್ಬ ಸೈನಿಕನಿದ್ದಾನೆ. ಬುಕನ್‌ವಾಲ್ಡ್ ಶಿಬಿರ ಅವನ ಬಾಯಿ ಕಟ್ಟಿಬಿಟ್ಟಿದೆ, ಜರ್ಮನ್ ಹೆಲ್ಮೆಟ್ಟು ತಲೆಯಿಂದ ಇಳಿಯುವುದಿಲ್ಲ. ಡಾಕರ್‌ನ ಶಿಬಿರಕ್ಕೆ ಕಾಲಿಟ್ಟವನೇ ಅವನು ಮುಳ್ಳುತಂತಿಯನ್ನು ಮುಟ್ಟಿ ನೋಡುತ್ತಾನೆ. ಗೆಳೆಯರು ಒಂದು ಹಿಡಿ ಮಣ್ಣೆತ್ತಿ, ನೋಡಪ್ಪ, ಇದು ನಮ್ಮ ನೆಲ ಎಂದು ಸಮಾಧಾನ ಮಾಡುತ್ತಾರೆ. ಕೊನೆಗೆ ಒಂದು ರಾತ್ರಿ, ಹಣ ಕೊಡುತ್ತೇವೆಂದು ಜನರಲ್ ಮಾತು ಕೊಟ್ಟ ಸಂಭ್ರಮದಲ್ಲಿ ಎಲ್ಲರೂ ಮಲಗಿರುವಾಗ, ಕಾವಲಿಗಿದ್ದ ಪೇಯಿಗೆ ಟ್ಯಾಂಕುಗಳು ಕಾಣುತ್ತವೆ. ಓಡಿ ಬಂದು ಎಬ್ಬಿಸುತ್ತಾನೆ, ಮಾತು ಹೊರಡದು. ಇವನಿಗೆ ಹಳೆಯ ಭ್ರಮೆ ಮರುಕಳಿಸಿದೆ ಎಂದು ಅವರು ಮಗ್ಗುಲು ಬದಲಿಸುತ್ತಾರೆ. ಮರುಕ್ಷಣ ಶೆಲ್ಲು ಬೀಳುತ್ತದೆ.

ಫ್ರೆಂಚರು ಆಫ್ರಿಕಾದಲ್ಲಿ ಏನು ಮಾಡಿದರು ಎಂದು ತಿಳಿಯಲು ಯಂತ್ರ ಹೊಸೆದ ಹಾಡು ಬೇಕಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಕ್ಯಾಮೆರಾವನ್ನೇ ಆಫ್ರಿಕನ್ನರ ಕೈಗೆ ಸಿಗದಂತೆ ಮಾಡಿದ್ದೂ ಫ್ರೆಂಚ್ ಆಳ್ವಿಕೆಯ ಒಂದು ಅಂಗ. 1934ರಲ್ಲಿ ಆಗಿನ ಫ್ರೆಂಚ್ ವಸಾಹತು ಸಚಿವ ಪಿಯೆರ್ ಲಾವಲ್ ಹೆಸರಿನ ಆಜ್ಞೆ ಹೊರಟಿತು: ಫ್ರೆಂಚ್ ಆಫ್ರಿಕಾದಲ್ಲಿ ಯಾರೇ ಚಿತ್ರೀಕರಣ ಮಾಡಬೇಕಿದ್ದರೂ ಚಿತ್ರಕಥೆ, ತಂತ್ರಜ್ಞರು ಎಲ್ಲದಕ್ಕೂ ಆಡಳಿತದ ಅಪ್ಪಣೆ ಬೇಕು. ಆಫ್ರಿಕನ್ನರಿಗೆ ಆ ಅಪ್ಪಣೆ ಸಿಗುವ ಮಾತೇ ಇರಲಿಲ್ಲ. ಹೀಗಾಗಿ ಇಂದಿನ ಬೆನಿನ್‌ನಲ್ಲಿ ಹುಟ್ಟಿದ ಪೌಲಿನ್ ವಿಯೇರಾ ಮತ್ತು ಗೆಳೆಯರು 1955ರಲ್ಲಿ ತಮ್ಮ ಮೊದಲ ಕಿರುಚಿತ್ರವನ್ನು ಪ್ಯಾರಿಸ್ಸಿನ ಬೀದಿಗಳಲ್ಲಿ ತೆಗೆಯಬೇಕಾಯಿತು. ತಮ್ಮ ಊರನ್ನು ತೋರಿಸಲು ಬಿಡದ ಸರ್ಕಾರದ ರಾಜಧಾನಿಯನ್ನೇ ಅವರು ತೋರಿಸಿದರು! ಆ ಆಜ್ಞೆಯ ಬಿಸಿ ಬಿಳಿಯರಿಗೂ ತಟ್ಟಿತು. ರನೆ ವೋತಿಯೆ ಎಂಬ ಫ್ರೆಂಚ್ ಹುಡುಗನನ್ನು ಶಾಲಾಮಕ್ಕಳಿಗಾಗಿ ಆಫ್ರಿಕಾದ ಹಳ್ಳಿ ಜೀವನ ಚಿತ್ರಿಸಿಕೊಂಡು ಬಾ ಎಂದು ಕಳಿಸಿದರೆ, ಆತ ಸುಟ್ಟ ಹಳ್ಳಿಗಳನ್ನೂ ಬಿಟ್ಟಿ ದುಡಿಮೆಯನ್ನೂ ಚಿತ್ರಿಸಿಕೊಂಡು ಬಂದ. ರೀಲುಗಳನ್ನು ಪೊಲೀಸರು ಕಿತ್ತುಕೊಂಡರು, ಕೆಲವನ್ನು ಅವನು ಹೇಗೋ ಉಳಿಸಿಕೊಂಡ, ಜೈಲು ಅನುಭವಿಸಿದ. ‘ಆಫ್ರಿಕ್ 50’ ಎಂಬ ಆ ಚಿತ್ರ ನಾಲ್ಕು ದಶಕ ಫ್ರಾನ್ಸ್‌ನಲ್ಲಿ ನಿಷೇಧದಲ್ಲಿತ್ತು.

ಸೆಂಬೇನ್ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು, ಯಾಕೆಂದರೆ ಮುಂದಿನ ಮಾತೆಲ್ಲ ಅವರ ಮೇಲೆಯೇ ನಿಂತಿದೆ. ಮೀನುಗಾರನ ಮಗ. ಎರಡನೇ ಮಹಾಯುದ್ಧದಲ್ಲಿ ತಾವೂ ಅದೇ ಬಂದೂಕುಧಾರಿಗಳ ಪಡೆಯಲ್ಲಿದ್ದವರು. ಆಮೇಲೆ ಮಾರ್ಸೇಯ್ ಬಂದರಿನಲ್ಲಿ ಹಡಗಿನ ಸರಕು ಹೊತ್ತರು, ಕಾರ್ಮಿಕ ಸಂಘ ಸೇರಿದರು, ಕಾದಂಬರಿ ಬರೆದರು. ಹೆಸರೂ ಬಂತು. ಆದರೆ ತಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರಿಗೆ ಫ್ರೆಂಚ್ ಓದಲು ಬರುವುದಿಲ್ಲ ಎಂದು ಅರಿವಾದಾಗ, ನಲವತ್ತರ ಅಂಚಿನಲ್ಲಿ ಮಾಸ್ಕೊಗೆ ಹೋಗಿ ಸಿನಿಮಾ ಕಲಿತರು. ಸಿನಿಮಾ ನಮ್ಮ ಸಂಜೆಶಾಲೆ ಎನ್ನುತ್ತಿದ್ದರು. ಪ್ರಿಂಟನ್ನು ಹೊತ್ತುಕೊಂಡು ಹಳ್ಳಿ ಹಳ್ಳಿಗೆ ಹೋಗಿ ತೋರಿಸಿ, ಚಿತ್ರ ಮುಗಿದ ಮೇಲೆ ಜನರೊಡನೆ ಚರ್ಚೆಗೆ ಕೂರುತ್ತಿದ್ದರು. ಹೆಗ್ಗೋಡಿನ ನೀನಾಸಂನವರು ಹಳ್ಳಿಗರ ಮುಂದೆ ಜಗತ್ತಿನ ಸಿನಿಮಾ ಇಟ್ಟ ಕಾಲವನ್ನು ಬಲ್ಲವರಿಗೆ ಈ ಹುಚ್ಚು ಅಪರಿಚಿತವಲ್ಲ.

ಈಗ ನೀವು ಗಮನಿಸಬೇಕಾದ ಸಂಗತಿಗೆ ಬರುತ್ತೇನೆ. ಸೆಂಬೇನ್ ಅವರ ‘ಎಮಿತಾಯ್’ 1971ರದ್ದು. ಯುದ್ಧಕಾಲದಲ್ಲಿ ಫ್ರೆಂಚ್ ಸೇನೆ ದಕ್ಷಿಣ ಸೆನೆಗಲ್‌ನ ಜೋಲಾ ಹಳ್ಳಿಗಳ ಭತ್ತವನ್ನು ಕಿತ್ತುಕೊಳ್ಳಲು ಬರುತ್ತದೆ, ಹೆಂಗಸರು ಭತ್ತವನ್ನು ಬಚ್ಚಿಡುತ್ತಾರೆ. ಬೆಳೆದವರು ಅವರು, ಕೊಡದಿರುವ ಹಟವೂ ಅವರದೇ. ಗಂಡಸರು ದೇವರುಗಳ ಜೊತೆ ವಾದ ಮಾಡುತ್ತಾ ಕೂತಿರುತ್ತಾರೆ. ನಡುವೆ ಒಂದು ತಮಾಷೆಯ ಪ್ರಸಂಗ. ಮಾರ್ಷಲ್ ಪೆತಾಂ ಚಿತ್ರವಿದ್ದ ಭಿತ್ತಿಪತ್ರದ ಮೇಲೆ ಒಂದು ದಿನ ಡಿಗಾಲ್ ಚಿತ್ರ ಅಂಟಿಸಲು ಹುಕುಂ ಬರುತ್ತದೆ. ಆಫ್ರಿಕನ್ ಸಿಪಾಯಿಗೆ ಗೊಂದಲ: ಏಳು ನಕ್ಷತ್ರದ ಮಾರ್ಷಲ್‌ನ ಜಾಗಕ್ಕೆ ಎರಡು ನಕ್ಷತ್ರದ ಜನರಲ್ ಬರುವುದು ಯಾವ ಸೇನೆಯ ಲೆಕ್ಕ? ಮೇಲಿನ ಪಟ ಬದಲಾಯಿತು. ಭತ್ತ ಕೇಳಲು ಬಂದ ಬಂದೂಕು ಅಲ್ಲೇ ನಿಂತಿದೆ. ಪೆತಾಂ ನಾಜಿಗಳ ಜೊತೆ ರಾಜಿಯಾದವನು, ಡಿಗಾಲ್ ವಿಮೋಚಕ ಎಂದು ಯುರೋಪು ಕಟ್ಟಿಕೊಂಡ ಕಥೆಯನ್ನು ಒಂದು ಹಳ್ಳಿಯ ಅಂಗಳದಲ್ಲಿ ನಿಂತು ನೋಡಿದರೆ ಹೇಗೆ ಕಾಣುತ್ತದೆ ಎಂದು ಇಷ್ಟು ಚೂಪಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ. ಆ ಚಿತ್ರ ಹಲವು ಫ್ರೆಂಚ್ ಭಾಷಿಕ ಆಫ್ರಿಕನ್ ದೇಶಗಳಲ್ಲಿ ತೆರೆ ಕಾಣಲಿಲ್ಲ. ಆಗ ಆ ದೇಶಗಳನ್ನು ಆಳುತ್ತಿದ್ದವರು ಫ್ರೆಂಚರಲ್ಲ.

1975ರ ‘ಖಾಲಾ’ ಇನ್ನೂ ಕಟು. ಮೊದಲ ದೃಶ್ಯದಲ್ಲಿ ದೇಶೀ ಉಡುಪು ತೊಟ್ಟ ನಾಯಕರು ವಾಣಿಜ್ಯ ಮಂಡಳಿಗೆ ನುಗ್ಗಿ ಬಿಳಿಯರನ್ನು ಹೊರದಬ್ಬುತ್ತಾರೆ, ಅವರ ಪ್ರತಿಮೆಗಳನ್ನು ಹೊರಗಿಡುತ್ತಾರೆ. ಹೊರಗೆ ಡೋಲು, ನೃತ್ಯ. ನಿಮ್ಮ ವಿಡಿಯೊಗಳು ಇಲ್ಲಿಗೆ ಮುಗಿಯುತ್ತವೆ. ಸೆಂಬೇನ್ ಸಿನಿಮಾ ಇಲ್ಲಿಂದ ಶುರು. ಮರುಗಳಿಗೆಯಲ್ಲಿ ಅದೇ ನಾಯಕರು ಸೂಟು ಬೂಟು ತೊಟ್ಟು ಮೇಜಿನ ಸುತ್ತ ಕೂತಿರುತ್ತಾರೆ, ಹೊರಹೋದ ಬಿಳಿಯರು ಸೂಟ್‌ಕೇಸ್ ಹಿಡಿದು ಒಳಬರುತ್ತಾರೆ, ಪ್ರತಿಯೊಬ್ಬನ ಮುಂದೆ ಒಂದೊಂದು ಇಡುತ್ತಾರೆ. ತೆರೆದರೆ ನೋಟಿನ ಕಂತೆ. ಕಥಾನಾಯಕ ಎಲ್ ಹಾಜಿ ಮೂರನೇ ಮದುವೆ ಮಾಡಿಕೊಂಡು ಮೊದಲ ರಾತ್ರಿಯೇ ಷಂಡನಾಗುತ್ತಾನೆ. ಅವನ ಮರ್ಸಿಡಿಸ್ ಕಾರಿಗೆ ಫ್ರಾನ್ಸ್‌ನಿಂದ ಬಂದ ಬಾಟಲಿ ನೀರೇ ಆಗಬೇಕು. ಬರಗಾಲದ ಜನರಿಗೆ ಬಂದ ಅಕ್ಕಿಯನ್ನು ಮಾರಿಕೊಂಡವನೂ ಅವನೇ. ಈ ಚಿತ್ರಕ್ಕೆ ಹಲವು ಕಡೆ ಕತ್ತರಿ ಹಾಕಿದ್ದು ಸೆನೆಗಲ್‌ನದೇ ಸೆನ್ಸಾರು. ಕತ್ತರಿಸಿದ ಭಾಗಗಳ ವಿವರವನ್ನು ಸೆಂಬೇನ್ ಕರಪತ್ರ ಮಾಡಿ ಹಂಚಿದರು.

ಮುಂದಿನ ‘ಚೆಡ್ಡೊ’ ಚಿತ್ರದ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ದೊಡ್ಡ ಕವಿ, ಆಫ್ರಿಕನ್ ಅಸ್ಮಿತೆಯ ಪ್ರವಾದಿ ಎನಿಸಿಕೊಂಡಿದ್ದ ಅಧ್ಯಕ್ಷ ಲೆಯೊಪೋಲ್ಡ್ ಸೆಂಗೋರ್ ಆ ಚಿತ್ರವನ್ನು ತಡೆಹಿಡಿದರು. ಕೊಟ್ಟ ಕಾರಣ, ಶೀರ್ಷಿಕೆಯಲ್ಲಿ ಒಂದು ‘ಡ’ ಹೆಚ್ಚಾಗಿದೆ! ಚಿತ್ರ ಕೆಣಕಿದ್ದು ಧರ್ಮ ಮತ್ತು ಅಧಿಕಾರದ ನಂಟನ್ನು, ಇಸ್ಲಾಂ, ಕ್ರೈಸ್ತ ಮಿಷನರಿ, ಗುಲಾಮ ವ್ಯಾಪಾರಿ ಮೂವರನ್ನೂ. ಸೆಂಗೋರ್ ಅಧಿಕಾರದಲ್ಲಿ ಇರುವವರೆಗೂ ಅದು ಅವರ ದೇಶದಲ್ಲಿ ಬಿಡುಗಡೆಯಾಗಲಿಲ್ಲ.

ಅಂದರೆ ಗೆಳೆಯರೇ, ಫ್ರಾನ್ಸನ್ನು ಎದುರು ಹಾಕಿಕೊಂಡ ಆ ನಿರ್ದೇಶಕ ತನ್ನ ಬಹುಪಾಲು ಜಗಳವನ್ನು ಆಡಿದ್ದು ಫ್ರಾನ್ಸ್ ಹೋದ ಮೇಲೆ ಬಂದ ತನ್ನವರ ಜೊತೆ. ಇದು ಅವರೊಬ್ಬರ ಕಥೆಯಲ್ಲ.

ನಿಮಗೆ ಇನ್ನೊಬ್ಬ ಟ್ರಾವೊರೆಯ ಪರಿಚಯ ಮಾಡಿಸುತ್ತೇನೆ. ಮೂಸಾ ಟ್ರಾವೊರೆ, ನೆರೆಯ ಮಾಲಿಯ ಸೈನ್ಯಾಧಿಕಾರಿ, ಈಗಿನವರ ಸಂಬಂಧಿ ಅಲ್ಲ. 1968ರಲ್ಲಿ, ತನ್ನ ಮೂವತ್ತೆರಡನೇ ವಯಸ್ಸಿನಲ್ಲಿ, ಮಾಲಿಯ ಮೊದಲ ಅಧ್ಯಕ್ಷ ಮೊದಿಬೊ ಕೇಟಾ ಅವರನ್ನು ಉರುಳಿಸಿ ಗದ್ದುಗೆ ಹತ್ತಿದ. ಆಗಲೂ ಜನ ಬೀದಿಗಿಳಿದು ಸಂಭ್ರಮಿಸಿದರು. ಇಪ್ಪತ್ತೆರಡು ವರ್ಷ ಆಳಿದ. ಅವನ ಕಾಲದಲ್ಲೇ ಸುಲೇಮಾನ್ ಸಿಸ್ಸೆ ಎಂಬ ನಿರ್ದೇಶಕ, ಅವರೂ ಮಾಸ್ಕೊದಲ್ಲಿ ಕಲಿತವರು, ಬಂಬಾರ ಭಾಷೆಯಲ್ಲಿ ತನ್ನ ಮೊದಲ ಕಥಾಚಿತ್ರ ಮಾಡಿ, ಫ್ರಾನ್ಸ್‌ನ ಹಣ ಪಡೆದ ಆರೋಪದ ಮೇಲೆ ಜೈಲು ಕಂಡರು. 1982ರಲ್ಲಿ ‘ಫಿನ್ಯೆ’ ಮಾಡಿದರು. ಒಂದು ಊರು. ಸೈನಿಕ ಗವರ್ನರ್. ಅವನ ಮಗಳು ಬತ್ರು. ಅವಳು ಮೆಚ್ಚಿದ ಹುಡುಗ ಬಾ, ಅವನ ತಾತ ಕಾನ್ಸಾಯೆ ಊರಿನ ಹಳೆಯ ನಾಯಕರ ವಂಶದವನು. ವಿದ್ಯಾರ್ಥಿಗಳು ದಂಗೆಯೇಳುತ್ತಾರೆ, ಗವರ್ನರ್ ಅವರನ್ನು ಹಿಡಿಸಿ ಹಾಕುತ್ತಾನೆ. ತಾತ ಪವಿತ್ರ ವೃಕ್ಷದ ಬಳಿ ಹೋಗಿ ಕುಲದೈವಗಳನ್ನು ಬೇಡುತ್ತಾನೆ. ನಮ್ಮ ಕೈಲಿ ಏನೂ ಆಗದು ಎಂದುಬಿಡುತ್ತವೆ ಅವು. ತಾತ ಹಿಂದಿರುಗಿ ತನ್ನ ಪೂಜೆಯ ನಿಲುವಂಗಿಗೆ ಬೆಂಕಿ ಹಚ್ಚಿ ಹುಡುಗರ ಪಾಳೆಯ ಸೇರುತ್ತಾನೆ. ಅಲ್ಲೆಲ್ಲೂ ಫ್ರೆಂಚ್ ಖಳನಾಯಕನಿಲ್ಲ. ಬಿಳಿಯರು ಬಿಟ್ಟುಹೋದ ಗವರ್ನರನ ಕುರ್ಚಿ ಮಾತ್ರ ಇದೆ, ಅದರಲ್ಲಿ ಕೂತವನು ಊರಿನವನೇ.

ಒಂಬತ್ತು ವರ್ಷದ ನಂತರ, 1991ರ ಮಾರ್ಚಿನಲ್ಲಿ, ಮಾಲಿಯ ರಾಜಧಾನಿ ಬಮಾಕೊದ ವಿದ್ಯಾರ್ಥಿಗಳು ನಿಜವಾಗಿಯೂ ಬೀದಿಗಿಳಿದರು. ಸೇನೆ ಗುಂಡು ಹಾರಿಸಿತು, ನೂರಕ್ಕೂ ಮಿಕ್ಕಿ ಜನ ಸತ್ತರು, ಮೂಸಾ ಟ್ರಾವೊರೆ ಬಿದ್ದ. ಸಿಸ್ಸೆ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಇನ್ನು ಮೂರು ದಿನಕ್ಕೆ ವಾಗಡೂಗುವಿನ ಚಿತ್ರೋತ್ಸವದಲ್ಲಿ ತೀರ್ಪುಗಾರರ ಮಂಡಳಿಯ ಅಧ್ಯಕ್ಷರಾಗಿ ಕೂರಬೇಕಿತ್ತು.

ವಾಗಡೂಗು ನಿಮ್ಮ ಕ್ಯಾಪ್ಟನ್ನನ ರಾಜಧಾನಿ. ಫೆಸ್ಪಾಕೊ ಎಂಬ ಹೆಸರಿನ ಆ ಚಿತ್ರೋತ್ಸವ 1969ರಲ್ಲಿ ಶುರುವಾಯಿತು, ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಇಡೀ ಖಂಡದ ಸಿನಿಮಾ ಅಲ್ಲಿ ನೆರೆಯುತ್ತದೆ. ಆ ಊರಿನ ಒಂದು ವೃತ್ತದಲ್ಲಿ ಸಿನಿಮಾ ನಿರ್ದೇಶಕರ ಗೌರವಕ್ಕೆ ಸ್ಮಾರಕ ಕಟ್ಟಿದ್ದಾರೆ. ಆಗ ಅಪ್ಪರ್ ವೋಲ್ಟಾ ಎಂಬ ಹೆಸರಿದ್ದ ಆ ಬಡ ದೇಶ 1970ರಲ್ಲಿ ಒಂದು ದಿಟ್ಟ ಕೆಲಸ ಮಾಡಿತು. ಪಶ್ಚಿಮ ಆಫ್ರಿಕಾದ ಚಿತ್ರಮಂದಿರಗಳೆಲ್ಲ ಅಲ್ಲಿಯವರೆಗೆ ಎರಡು ಫ್ರೆಂಚ್ ಕಂಪನಿಗಳ ಮುಷ್ಟಿಯಲ್ಲಿದ್ದವು. ಯಾವ ಊರಲ್ಲಿ ಯಾವ ಸಿನಿಮಾ ಎಂದು ನಿರ್ಧರಿಸುವವರು ಅವರೇ, ಆಫ್ರಿಕನ್ ಚಿತ್ರಗಳಿಗೆ ಅಲ್ಲಿ ಜಾಗವಿರಲಿಲ್ಲ. ಜಟಾಪಟಿಯಾಗಿ, ಸರ್ಕಾರ ಚಿತ್ರಮಂದಿರಗಳನ್ನೇ ರಾಷ್ಟ್ರೀಕರಣ ಮಾಡಿತು. ಕಂಪನಿಗಳು ಬಹಿಷ್ಕಾರ ಹಾಕಿದವು. ದೇಶ ಜಗ್ಗಲಿಲ್ಲ. ಅದನ್ನು ಮಾಡಿದ ಆಗಿನ ಅಧ್ಯಕ್ಷ ಲಾಮಿಜಾನಾ ಕೂಡ ಸೈನ್ಯಾಧಿಕಾರಿಯೇ, ಇದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಸಮವಸ್ತ್ರ ತೊಟ್ಟವರೆಲ್ಲ ದುಷ್ಟರು ಎಂದು ನಾನು ವಾದಿಸುತ್ತಿಲ್ಲ.

ಅದೇ ದೇಶವನ್ನು ಆಮೇಲೆ ಆಳಿದ ಇನ್ನೊಬ್ಬ ಸೈನ್ಯಾಧಿಕಾರಿ ಥಾಮಸ್ ಸಂಕಾರಾ ವಿಷಯದಲ್ಲಂತೂ ಹಾಗೆ ಹೇಳಲು ನಾಲಿಗೆ ಏಳದು. 1983ರಿಂದ ನಾಲ್ಕೇ ವರ್ಷದಲ್ಲಿ ಲಕ್ಷಗಟ್ಟಲೆ ಮಕ್ಕಳಿಗೆ ಲಸಿಕೆ, ಹೆಂಗಸರ ಜನನಾಂಗ ಕತ್ತರಿಸುವ ಪದ್ಧತಿಗೆ ವಿರೋಧ, ಮಂತ್ರಿಗಳಿಗೆ ಸಣ್ಣ ಕಾರು, ದೇಶಕ್ಕೆ ಹೊಸ ಹೆಸರು. ಫೆಸ್ಪಾಕೊ ನಿಜವಾದ ಜನರ ಹಬ್ಬವಾದದ್ದು ಅವನ ಕಾಲದಲ್ಲೇ. ಆದರೆ 1984ರಲ್ಲಿ ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಶಾಲಾ ಶಿಕ್ಷಕರನ್ನು ಒಂದೇ ಏಟಿಗೆ ಮನೆಗೆ ಕಳಿಸಿದ್ದೂ ಅದೇ ಸಂಕಾರಾ. ಸಂಚಿನ ಆರೋಪ ಹೊರಿಸಿ ಏಳು ಜನರನ್ನು ಗುಂಡಿಟ್ಟು ಕೊಂದದ್ದೂ ಅದೇ ಸರ್ಕಾರ. 1987ರ ಅಕ್ಟೋಬರ್ 15ರಂದು ಅವನನ್ನು ಕೊಲ್ಲಿಸಿ ಗದ್ದುಗೆ ಏರಿದ ಗೆಳೆಯ ಬ್ಲೇಸ್ ಕಾಂಪಾವೊರೆ ಇಪ್ಪತ್ತೇಳು ವರ್ಷ ಆಳಿದ. ಅವನನ್ನು ಇಳಿಸಲು 2014ರಲ್ಲಿ ಜನರೇ ಬೀದಿಗೆ ಬರಬೇಕಾಯಿತು. ಒಬ್ಬನ ಒಳ್ಳೆಯತನದ ಮೇಲೆ ನಿಂತದ್ದು ಒಂದು ಗುಂಡಿಗೆ ಉರುಳಿತು. ಅವನು ಕಟ್ಟಿದ್ದನ್ನು ಕಾಯಲು ಸಂಘಗಳಿರಲಿಲ್ಲ, ಪತ್ರಿಕೆಗಳಿರಲಿಲ್ಲ. ಇದ್ದವನ್ನು ಅವನೇ ಅದುಮಿದ್ದ.

ಇಬ್ರಾಹಿಂ ಟ್ರಾವೊರೆ 2022ರ ಸೆಪ್ಟೆಂಬರ್ 30ರಂದು, 34ನೇ ವಯಸ್ಸಿನಲ್ಲಿ, ಆ ವರ್ಷದ ಎರಡನೇ ಕ್ಷಿಪ್ರಕ್ರಾಂತಿ ನಡೆಸಿ ಬಂದ. ಫ್ರೆಂಚ್ ಪಡೆಗಳನ್ನು ಕಳಿಸಿದ, ನಿಜ. ಚಿನ್ನದ ಗಣಿಗಳಲ್ಲಿ ಸರ್ಕಾರದ ಪಾಲು ಹೆಚ್ಚಿಸಿದ, ಅದೂ ನಿಜ, ಮೆಚ್ಚುವಂಥದ್ದೇ. 2024ರ ಜುಲೈ ಒಳಗೆ ಚುನಾವಣೆ ಎಂದಿದ್ದವನು ಗಡುವು ಬರುವ ಮೊದಲೇ ಇನ್ನೈದು ವರ್ಷ ಬರೆದುಕೊಂಡ. ಟೀಕಿಸಿದ ಪತ್ರಕರ್ತರನ್ನು, ನ್ಯಾಯಾಧೀಶರನ್ನು, ವಕೀಲರನ್ನು ‘ಸೇನಾಸೇವೆ’ಯ ಹೆಸರಿನಲ್ಲಿ ಯುದ್ಧರಂಗಕ್ಕೆ ಅಟ್ಟುವುದು ಅವನ ಆಡಳಿತದ ರೂಢಿ. 2025ರ ಮಾರ್ಚಿನಲ್ಲಿ ಪತ್ರಕರ್ತರ ಸಂಘದ ಅಧ್ಯಕ್ಷರನ್ನು ಹಿಡಿದೊಯ್ದರು, ಕೆಲ ದಿನಗಳ ಬಳಿಕ ಅವರು ಸೈನಿಕ ಸಮವಸ್ತ್ರದಲ್ಲಿ ವಿಡಿಯೊ ಒಂದರಲ್ಲಿ ಕಾಣಿಸಿಕೊಂಡರು. ಆ ವಿಡಿಯೊ ನೀವು ಹಂಚಲಿಲ್ಲ. 2024ರ ಫೆಬ್ರವರಿಯಲ್ಲಿ ನೊಂದಿನ್ ಮತ್ತು ಸೊರೊ ಎಂಬ ಎರಡು ಹಳ್ಳಿಗಳಲ್ಲಿ ಸೇನೆ ಒಂದೇ ದಿನ 223 ಜನರನ್ನು ಕೊಂದಿತು ಎಂದು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿದೆ. ಸತ್ತವರಲ್ಲಿ ಹಸುಗೂಸುಗಳೂ ಇದ್ದವು. ಅದೇ ವರ್ಷ ಆಗಸ್ಟಿನಲ್ಲಿ ಬಾರ್ಸಾಲೊಗೊದಲ್ಲಿ ಊರಿನ ಸುತ್ತ ಕಂದಕ ತೋಡುತ್ತಿದ್ದ ನೂರಾರು ಮಂದಿಯನ್ನು ಜಿಹಾದಿಗಳು ಕೊಂದರು. ಭದ್ರತೆ ಕೊಡುತ್ತೇನೆಂದೇ ಅಧಿಕಾರ ಹಿಡಿದವನು ಅವನು. ಇನ್ನು ಫ್ರಾನ್ಸ್ 1945ರಲ್ಲಿ ಹೇರಿದ ಸಿಎಫ್‌ಎ ಫ್ರಾಂಕ್ ಎಂಬ ನಾಣ್ಯ? ಯೂರೊಗೆ 655.957ರ ದರದಲ್ಲಿ ಕಟ್ಟಿಹಾಕಿದ ಅದೇ ನೋಟು ಇವತ್ತಿಗೂ ವಾಗಡೂಗುವಿನ ಸಂತೆಯಲ್ಲಿ ಓಡುತ್ತಿದೆ.

ಆ ನಾಣ್ಯದ ಹೆಸರೆತ್ತಿದೆ, ಒಂದು ಚಿತ್ರ ನೆನಪಿಸದೆ ಮುಂದೆ ಹೋಗಲಾರೆ. 1994ರ ಜನವರಿಯಲ್ಲಿ ಸಿಎಫ್‌ಎ ಫ್ರಾಂಕಿನ ಬೆಲೆ ರಾತ್ರೋರಾತ್ರಿ ಅರ್ಧಕ್ಕಿಳಿಯಿತು. ಅದೇ ವರ್ಷ ಸೆನೆಗಲ್‌ನ ನಿರ್ದೇಶಕ ಜಿಬ್ರಿಲ್ ದಿಯೋಪ್ ಮಂಬೇತಿ ‘ಲ ಫ್ರಾಂಕ್’ ಎಂಬ ಮುಕ್ಕಾಲು ಗಂಟೆಯ ಚಿತ್ರ ಮಾಡಿದರು. ಬಾಡಿಗೆ ಕಟ್ಟಲಾಗದ ಒಬ್ಬ ಬೀದಿ ವಾದ್ಯಗಾರ ಲಾಟರಿ ಟಿಕೆಟ್ ಕೊಂಡು, ಕಳೆದುಹೋದೀತೆಂದು ಅದನ್ನು ಮನೆಬಾಗಿಲಿಗೆ ಅಂಟಿಸುತ್ತಾನೆ. ಲಾಟರಿ ಹೊಡೆಯುತ್ತದೆ. ಟಿಕೆಟ್ಟು ಕಿತ್ತು ಬರುವುದಿಲ್ಲ. ಬಾಗಿಲನ್ನೇ ಕಳಚಿ ತಲೆ ಮೇಲೆ ಹೊತ್ತು ಡಾಕರ್ ಊರೆಲ್ಲ ದಾಟಿ ಹಣ ಕೇಳಲು ಹೊರಡುತ್ತಾನೆ. ಹಣಕಾಸಿನ ವಸಾಹತುಶಾಹಿ ಎಂದರೇನು ಎಂದು ಹತ್ತು ಉಪನ್ಯಾಸಗಳಲ್ಲಿ ಹೇಳುವುದನ್ನು ಆ ಬಾಗಿಲು ಹೇಳುತ್ತದೆ. ಅದೂ ನಗಿಸುತ್ತಾ.

‘ಹಾಗಾದರೆ ನೀವು ಫ್ರಾನ್ಸ್ ಪರವೇ?’ ಎಂದು ಕೇಳುವಿರಿ. ನನಗೆ ಈ ಪ್ರಶ್ನೆ ಬಂದೇ ಬರುತ್ತದೆ, ಕೆಲವೊಮ್ಮೆ ಬೈಗುಳದ ಸಮೇತ.

ಇಲ್ಲ. ಫ್ರಾನ್ಸ್ ಹೋದ ಜಾಗಕ್ಕೆ ಯಾರು ಬಂದರು ಎಂದು ಕೇಳುತ್ತಿದ್ದೇನೆ. 2022ರ ಮಾರ್ಚಿನಲ್ಲಿ ಮಾಲಿಯ ಮೂರಾ ಹಳ್ಳಿಯಲ್ಲಿ ಅಲ್ಲಿನ ಸೇನೆ ಮತ್ತು ‘ವಿದೇಶಿ ಸೈನಿಕರು’ ಸೇರಿ ಕನಿಷ್ಠ 500 ಜನರನ್ನು ಕೊಂದರು ಎಂದು ವಿಶ್ವಸಂಸ್ಥೆ ಹೇಳಿತು. ಆ ವಿದೇಶಿಯರು ರಷ್ಯಾದ ವ್ಯಾಗ್ನರ್ ಕೂಲಿಪಡೆಯವರು ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಈ ಪಡೆಗೂ ಸಿನಿಮಾದ ಗೀಳಿತ್ತು ಎಂದರೆ ನಂಬುತ್ತೀರಾ? ಅದರ ಒಡೆಯನ ದುಡ್ಡಿನಲ್ಲಿ ‘ಟೂರಿಸ್ಟ್’ ಎಂಬ ಸಾಹಸ ಚಿತ್ರ ತಯಾರಾಯಿತು. ಮಧ್ಯ ಆಫ್ರಿಕಾ ಗಣರಾಜ್ಯವನ್ನು ರಷ್ಯನ್ ವೀರರು ಕಾಪಾಡುವ ಕಥೆ. 2021ರಲ್ಲಿ ಆ ದೇಶದ ರಾಜಧಾನಿ ಬಾಂಗಿಯ ಸ್ಟೇಡಿಯಂನಲ್ಲಿ, ಸ್ಥಳೀಯ ಸಾಂಗೊ ಭಾಷೆಯ ಡಬ್ಬಿಂಗ್‌ನೊಂದಿಗೆ, ಜನರನ್ನು ಸೇರಿಸಿ ತೋರಿಸಿದರು. ಬ್ರಿಟಿಷರು 1939ರಲ್ಲಿ ಕಟ್ಟಿದ ವಸಾಹತು ಚಿತ್ರ ಘಟಕ ಮಾಡುತ್ತಿದ್ದುದೂ ಇದನ್ನೇ: ವ್ಯಾನಿನಲ್ಲಿ ಪ್ರೊಜೆಕ್ಟರ್ ತಂದು, ಹಳ್ಳಿಯಲ್ಲಿ ಪರದೆ ಕಟ್ಟಿ, ಕಾಪಾಡುವವರು ನಾವು ಎಂದು ತೋರಿಸುವುದು. ನಿಮ್ಮ ಫೋನಿಗೆ ಬರುವ ವಿಡಿಯೊಗಳ ಮೂಲ ಹುಡುಕುವಾಗ ಈ ಸಂಪ್ರದಾಯವೂ ನಿಮ್ಮ ಗಮನದಲ್ಲಿರಲಿ.

ಪಶ್ಚಿಮದ ದೇಶಗಳ ಮೇಲೆ ಸಿಟ್ಟು ತೀರಿಸಿಕೊಳ್ಳಲೇಬೇಕು ಎಂದಿದ್ದರೆ ಅದಕ್ಕೂ ಆಫ್ರಿಕಾದ್ದೇ ಒಂದು ಚಿತ್ರವಿದೆ. ಅಬ್ದೆರಹಮಾನ್ ಸಿಸ್ಸಾಕೊ 2006ರಲ್ಲಿ ಮಾಡಿದ ‘ಬಮಾಕೊ’. ವಠಾರದ ಒಂದು ಅಂಗಳ, ನಿರ್ದೇಶಕರ ತಂದೆಯ ಮನೆಯದೇ ಅಂಗಳ. ಅಲ್ಲಿ ನ್ಯಾಯಾಲಯ ಕೂತಿದೆ, ಕಟಕಟೆಯಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್. ವಕೀಲರು ನಟರಲ್ಲ, ನಿಜವಾದ ವಕೀಲರು. ಒಂದೆಡೆ ಸಾಲ, ಖಾಸಗೀಕರಣ, ಮುಚ್ಚಿದ ರೈಲು ಎಂದು ವಾದ ನಡೆಯುತ್ತಿದ್ದರೆ ಪಕ್ಕದಲ್ಲೇ ಹೆಂಗಸರು ಬಟ್ಟೆಗೆ ಬಣ್ಣ ಹಾಕುತ್ತಿರುತ್ತಾರೆ, ಮಗುವೊಂದು ಜ್ವರದಲ್ಲಿ ಮಲಗಿರುತ್ತದೆ, ಮದುವೆ ದಿಬ್ಬಣ ನಡುವೆಯೇ ಹಾದುಹೋಗುತ್ತದೆ. ಒಬ್ಬ ಮುದುಕ ರೈತನಿಗೆ ಮಾತಾಡುವ ಸರದಿ ಬರುವುದೇ ಇಲ್ಲ. ಕೊನೆಗೆ ತಾನೇ ಎದ್ದು ಬಂದು ಹಾಡಲು ಶುರು ಮಾಡುತ್ತಾನೆ, ಸಿಸ್ಸಾಕೊ ಅದಕ್ಕೆ ಸಬ್‌ಟೈಟಲ್ ಕೊಟ್ಟಿಲ್ಲ. ಆರೋಪಿಗಳ ಪರ ವಕೀಲನಿಗೂ ಆ ಅಂಗಳದಲ್ಲಿ ಪೂರ್ತಿ ಅವಕಾಶವಿದೆ. ಫ್ರಾನ್ಸನ್ನು, ಬ್ಯಾಂಕನ್ನು, ಯಾರನ್ನೇ ಆಗಲಿ ವಿಚಾರಣೆಗೆ ನಿಲ್ಲಿಸಲು ಇಂಥದೊಂದು ಅಂಗಳ ಬೇಕು. ಪ್ರಶ್ನೆ ಕೇಳಿದವರನ್ನು ಯುದ್ಧರಂಗಕ್ಕೆ ಕಳಿಸುವ ಊರಿನಲ್ಲಿ ಆ ಅಂಗಳ ಎಲ್ಲಿ ಉಳಿಯುತ್ತದೆ?

ಫ್ರೆಂಚ್ ಸೈನಿಕರನ್ನು ಹೊರಹಾಕಲು ಕ್ಷಿಪ್ರಕ್ರಾಂತಿಯೇ ಆಗಬೇಕೆಂಬುದೂ ಸುಳ್ಳು. ಸೆನೆಗಲ್‌ನಲ್ಲಿ 2024ರ ಫೆಬ್ರವರಿಯಲ್ಲಿ ಅಧ್ಯಕ್ಷ ಮ್ಯಾಕಿ ಸಾಲ್ ಚುನಾವಣೆಯನ್ನು ಮುಂದೂಡಿದರು. ಯುವಕರು ಬೀದಿಗಿಳಿದರು, ಕೆಲವರು ಪ್ರಾಣ ಕಳೆದುಕೊಂಡರು. ಸಂವಿಧಾನ ಮಂಡಳಿ ಮುಂದೂಡಿಕೆಯನ್ನು ರದ್ದು ಮಾಡಿತು. ಬಸಿರು ಜೊಮಾಯ್ ಫಾಯ್ ಎಂಬ ವಿರೋಧ ಪಕ್ಷದ ಅಭ್ಯರ್ಥಿ ಜೈಲಿನಿಂದ ಹೊರಬಂದು ಹತ್ತೇ ದಿನಕ್ಕೆ, ಮಾರ್ಚ್ 24ರಂದು, ಮೊದಲ ಸುತ್ತಿನಲ್ಲೇ ಗೆದ್ದರು. 2025ರ ಜುಲೈನಲ್ಲಿ ಡಾಕರ್‌ನ ಕೊನೆಯ ಫ್ರೆಂಚ್ ನೆಲೆ ಸೆನೆಗಲ್ ಕೈಗೆ ಬಂತು. ತಿಯಾರೋಯ್‌ನ ಸ್ಮಶಾನ ಅಗೆಸಿ ಸತ್ಯ ಹುಡುಕಲು ಹೊರಟದ್ದೂ ಇದೇ ಸರ್ಕಾರ. ಫಾಯ್ ಸರ್ಕಾರದಲ್ಲಿ ಹುಳುಕಿಲ್ಲ ಎನ್ನುತ್ತಿಲ್ಲ. ಹುಳುಕು ಕಂಡರೆ ಇಳಿಸುವ ದಾರಿ ಅಲ್ಲಿ ಇನ್ನೂ ತೆರೆದಿದೆ. ಈ ಕಥೆಯ ಬಗ್ಗೆ ಒಂದಾದರೂ ವಿಡಿಯೊ ನಿಮ್ಮಿಂದ ಬಂದಿದ್ದರೆ ದಯವಿಟ್ಟು ಮತ್ತೊಮ್ಮೆ ಕಳಿಸಿ.

ಒಂದು ಮಾತು ನಮ್ಮ ಬಗ್ಗೆ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ, ಇನ್ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯ ಮೇಲೆ ಜನ ಮುಗಿಬಿದ್ದದ್ದು ನೆನಪಿದೆಯೇ? ಫೋನಿನಲ್ಲಿ ಆಫ್ರಿಕನ್ ವೀರನನ್ನು ಹೊತ್ತು ತಿರುಗುವ ನಾವು, ಆಫ್ರಿಕನ್ ಹುಡುಗ ಬಾಡಿಗೆ ಮನೆ ಕೇಳಿ ಬಂದರೆ ಏನು ಹೇಳುತ್ತೇವೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಇದನ್ನು ಬೆಳೆಸುವುದಿಲ್ಲ.

ಕೊನೆಯದಾಗಿ ಒಂದು ಸುದ್ದಿ, ಆಮೇಲೆ ಒಂದು ಕೋರಿಕೆ. 2025ರ ಫೆಸ್ಪಾಕೊದಲ್ಲಿ, ಟ್ರಾವೊರೆಯದೇ ಆಳ್ವಿಕೆಯಲ್ಲಿ, ಚಿನ್ನದ ಕುದುರೆಯ ದೊಡ್ಡ ಪ್ರಶಸ್ತಿ ಬುರ್ಕಿನಾದ ದಾನಿ ಕುಯಾತೆ ಅವರ ‘ಕಟಾಂಗ’ ಚಿತ್ರಕ್ಕೆ ಬಂತು. ಆ ದೇಶದ ಚಿತ್ರವೊಂದಕ್ಕೆ ಇಪ್ಪತ್ತೆಂಟು ವರ್ಷಗಳ ನಂತರ ಬಂದ ಪ್ರಶಸ್ತಿ. ಕಪ್ಪು ಬಿಳುಪಿನ ಚಿತ್ರ, ಅಲ್ಲಿನ ಮೋರೆ ಭಾಷೆಯದ್ದು. ಕಥೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನದು, ಡಿವಿಜಿ ಕನ್ನಡಕ್ಕೆ ತಂದ ಅದೇ ಮ್ಯಾಕ್‌ಬೆತ್: ರಾಜನ ವಿರುದ್ಧದ ಸಂಚುಕೋರರನ್ನು ಹತ್ತಿಕ್ಕಿ ಸೇನೆಯ ಮುಖ್ಯಸ್ಥನಾದವನು ಭವಿಷ್ಯವಾಣಿ ಕೇಳಿ ತಾನೇ ಸಿಂಹಾಸನ ಕಿತ್ತುಕೊಳ್ಳುತ್ತಾನೆ. ಒಂದೇ ವರ್ಷದಲ್ಲಿ ಎರಡು ಕ್ಷಿಪ್ರಕ್ರಾಂತಿ ಕಂಡ ಊರಿನಲ್ಲಿ, ಸೈನಿಕ ಆಡಳಿತದ ಕಣ್ಣೆದುರಿಗೆ, ಆ ನಿರ್ದೇಶಕ ಆರಿಸಿಕೊಂಡ ಕಥೆ ಅದು. ನಿಮ್ಮ ವಿಡಿಯೊದಲ್ಲಿ ಜೈಕಾರ ಹಾಕುವ ಗುಂಪಿನಲ್ಲಿ ಆತನನ್ನು ಹುಡುಕಬೇಡಿ.

ಕೋರಿಕೆ ಇದು. ನಿಮ್ಮಲ್ಲಿ ವಿಡಿಯೊ ಎಡಿಟಿಂಗ್ ಬಲ್ಲವರಿದ್ದೀರಿ, ಕನ್ನಡದಲ್ಲಿ ಚುರುಕಾಗಿ ಒಕ್ಕಣೆ ಬರೆಯುವವರಿದ್ದೀರಿ, ನಿಮ್ಮ ಶ್ರಮ ನಾನು ನೋಡಿದ್ದೇನೆ. ಅದರಲ್ಲಿ ಸ್ವಲ್ಪವನ್ನು ಇತ್ತ ತಿರುಗಿಸಿ. ಸೆಂಬೇನ್ ಅವರ ಹಲವು ಚಿತ್ರಗಳು ಈಗ ದುರಸ್ತಿಗೊಂಡು ಒಳ್ಳೆಯ ಪ್ರತಿಗಳಲ್ಲಿ ಲಭ್ಯ. ತಿಯಾರೋಯ್ ಚಿತ್ರದ ಹೊಸ ಪ್ರತಿ 2024ರಲ್ಲಿ ಕಾನ್‌ನಲ್ಲಿ ಪ್ರದರ್ಶನ ಕಂಡಿತು. ಇವಕ್ಕೆ ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ. ಮೊದಲು ಯಾವುದು ಎಂದರೆ ನಾನು ‘ಫಿನ್ಯೆ’ ಎನ್ನುತ್ತೇನೆ. ಮಾತು ಕಡಿಮೆ, ಕಥೆ ನೇರ. ಫ್ರೆಂಚ್ ಬಲ್ಲ ಕನ್ನಡಿಗರು ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲೇ ಬೇಕಾದಷ್ಟಿದ್ದಾರೆ. ಬಂಬಾರ ಮಾತಿಗೆ ಫ್ರೆಂಚ್ ಸಬ್‌ಟೈಟಲ್ ಆಧಾರವಾಗುತ್ತದೆ. ಹಕ್ಕುದಾರರಿಗೆ ಬರೆದು ಅನುಮತಿ ಪಡೆದು, ನಿಮ್ಮೂರಿನ ಚಿತ್ರ ಸಮಾಜದ ಮೂಲಕ ಒಂದು ಪ್ರದರ್ಶನ ಇಟ್ಟುಕೊಳ್ಳೋಣ. ಅನುವಾದ ತಿದ್ದುವ ಕೆಲಸಕ್ಕೆ ನಾನು ಬರುತ್ತೇನೆ, ಚಿತ್ರ ಮುಗಿದ ಮೇಲೆ ಟ್ರಾವೊರೆಯ ಪರವಾಗಿ ನೀವು ಮಾತಾಡಿ, ನಾನು ಎದುರು ಕೂರುತ್ತೇನೆ. ಸಭಾಂಗಣದ ಬಾಡಿಗೆಯನ್ನು ಅರ್ಧರ್ಧ ಹಂಚಿಕೊಳ್ಳಬಹುದು.

ಇಂತಿ,
ನಿಮ್ಮ ವಾಟ್ಸ್ಆ್ಯಪ್ ಗುಂಪಿನ ಹಿಂಬದಿ ಬೆಂಚಿನವ